ಪಂಚಮಿಗೆ ಸಿಗುವ ದೋಸ್ತರು

ನನ್ನ ಕೈಬರಹ ಚೆನ್ನಾಗಿದೆ. ಇದರಿಂದ ನನಗೆ ಆಗಿರುವ ನಷ್ಟ ಅಷ್ಟಿಷ್ಟಲ್ಲ.

ನಮ್ಮ ಕಡೆ ಮದುವೆಯಲ್ಲಿ ಆಹೇರಿ ಬರೆಯಲು ನಂಬಿಕಸ್ತ ಮನುಷ್ಯ ಒಬ್ಬ ಬೇಕು. ಯಾರು ಎಷ್ಟು ರೊಕ್ಕ ಕೊಟ್ಟರು, ಯಾರು ಸೀರೆ ತಂದರು, ಯಾರು ಗೋಡೆ ಗಡಿಯಾರ ತಂದರು, ಎಲ್ಲ ನೋಟ್‌ಬುಕ್ಕಿನಲ್ಲಿ ಬರಬೇಕು. ನಾಳೆ ಅವರ ಮನೆ ಮದುವೆಗೆ ಹೋಗುವಾಗ ಇದೇ ಪುಸ್ತಕ ತೆಗೆದು ನೋಡಿ ಲೆಕ್ಕ ತೀರಿಸಬೇಕಲ್ವಾ? ಈ ಕೆಲಸಕ್ಕೆ ಹೆಂಡತಿ ಮಕ್ಕಳಿದ್ದವನು ಬರುವುದಿಲ್ಲ. ಅವನು ನಡುನಡುವೆ ಎದ್ದು ಮಗುವನ್ನು ಹುಡುಕಿಕೊಂಡು ಹೋಗುತ್ತಾನೆ. ಹಾಗಾಗಿ ನಮ್ಮ ಗುಂಪಿನ ಎಲ್ಲ ಮದುವೆಗಳಲ್ಲೂ ಪೆನ್ನು ನನ್ನ ಕೈಗೇ ಬಂತು. ಬಾಜಾದವರು ಒಮ್ಮೆಲೇ ಜೋರಾಗಿ ಬಾರಿಸಿದಾಗ, ಓಹೋ ತಾಳಿ ಕಟ್ಟಿದ ಅಂತ ತಿಳಿಯುತ್ತಿತ್ತು. ನಾನು ಆಗ ‘ಜೇವರ್ಗಿ ಸೋದರಮಾವ, ಐನೂರಾ ಒಂದು’ ಎಂದು ಬರೆಯುತ್ತಿರುತ್ತಿದ್ದೆ. ನನ್ನ ಯಾವ ದೋಸ್ತ ತಾಳಿ ಕಟ್ಟಿದ್ದನ್ನೂ ನಾನು ಕಣ್ಣಾರೆ ಕಂಡಿಲ್ಲ. ಮುಂದೆ ಎಲ್ಲಾದರೂ ಸಾಕ್ಷಿ ಹೇಳುವ ಪ್ರಸಂಗ ಬಂದರೆ ಕಷ್ಟ.

ನಾವು ನಾಲ್ವರು. ಒಬ್ಬ ಮಾಸ್ತರ. ಒಬ್ಬ ಸಾವ್ಕಾರ, ಅಂದರೆ ಅಪ್ಪನ ಹೊಲ ಇರುವವನು. ಮತ್ತೊಬ್ಬ ಸಾಹೇಬ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದರೂ ಸೇರಿದ ಮೊದಲ ದಿನದಿಂದಲೇ ಸಾಹೇಬ. ನಾಲ್ಕನೆಯವನು ನಾನು, ಇನ್ನೊಂದು ಕಚೇರಿಯ ಗುಮಾಸ್ತ. ಊರು ಗುಲ್ಬರ್ಗಾ ಆಗಿದ್ದಾಗ ಶುರುವಾದ ದೋಸ್ತಿ ಇದು. 2014ರ ನವೆಂಬರ್ 1ರಂದು ಊರಿನ ಹೆಸರು ಕಲಬುರಗಿ ಆಯಿತು. ದೋಸ್ತರು ಬದಲಾಗಿದ್ದು ಆಮೇಲೆ, ಒಬ್ಬೊಬ್ಬರಾಗಿ. ಸಾವ್ಕಾರನ ಮದುವೆ ಆದದ್ದು 2019ರಲ್ಲಿ. ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್ ಸಿಕ್ಕಿದ್ದೂ ಅದೇ ವರ್ಷ. ಬೇಳೆಗೆ ಗುರುತು ಸಿಕ್ಕಿತು, ಇವನ ಗುರುತು ಹೋಯಿತು ಅಂತ ಮಾಸ್ತರ ಹೇಳುತ್ತಿದ್ದ. ಮರುವರ್ಷ ಅವನದೂ ಹೋಯಿತು.

ಮೊದಲೆಲ್ಲ ಸಂಜೆಯಾದರೆ ಸೂಪರ್ ಮಾರ್ಕೆಟ್ ಕಡೆ ಮಿರ್ಚಿ ಭಜಿ, ಅಲ್ಲಿಂದ ಅಪ್ಪನ ಕೆರೆ ದಂಡೆ, ಆಮೇಲೆ ಚಾ. ಮನೆಗೆ ಹೋಗು ಎನ್ನಲು ಸೊಳ್ಳೆಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಈಗ ಒಂದು ಪ್ಲೇಟ್ ಭಜಿಗೆ ನಾಲ್ವರನ್ನು ಕೂಡಿಸುವುದು ಸರ್ಕಾರ ರಚಿಸಿದಷ್ಟೇ ಕಷ್ಟ. ಒಬ್ಬನ ಓಣಿಗೆ ಅವತ್ತೇ ನೀರು ಬಿಡುತ್ತಾರೆ. ಒಬ್ಬನ ಅತ್ತೆ ಆಳಂದದಿಂದ ಬಂದಿರುತ್ತಾರೆ. ಇನ್ನೊಬ್ಬ ‘ಬರ್ಲಾಕತ್ತೀನಿ, ಹೊಂಟೀನಿ’ ಎಂದು ಹೇಳಿ, ನಾನು ಎರಡು ಪ್ಲೇಟ್ ತಿಂದು ಮುಗಿಸಿದ ಮೇಲೆ ‘ಕೂಸಿಗಿ ಜ್ವರ’ ಎಂದು ಮೆಸೇಜ್ ಹಾಕುತ್ತಾನೆ. ಜ್ವರಕ್ಕೆ ನಾನೇನು ಹೇಳಲಿ? ಸುಮ್ನೆ ಮೂರನೇ ಪ್ಲೇಟ್ ಹೇಳುತ್ತೇನೆ.

ನಮ್ಮ ವಾಟ್ಸಾಪ್ ಗುಂಪಿನ ಗತಿಯೂ ಅಷ್ಟೇ. ಒಂದು ಕಾಲಕ್ಕೆ ಅಲ್ಲಿ ಬರುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಈಗ ನೀರಿನ ಟ್ಯಾಂಕರ್‌ನವನ ನಂಬರು, ಎಲ್‌ಕೆಜಿ ಫೀಸು, ಕೂಸಿನ ಹಲ್ಲಿನ ಫೋಟೊ. ಹಲ್ಲು ಎಲ್ಲಿದೆ ಅಂತ ದೊಡ್ಡದು ಮಾಡಿ ಹುಡುಕಿ, ಸಿಗದೆ, ‘ಭಾಳ ಛಲೋ ಅದ’ ಎಂದು ಹಾಕುತ್ತೇನೆ.

ಬೇಸಿಗೆಯಲ್ಲಿ ಮಾತ್ರ ಸರ್ಕಾರ ನಮ್ಮ ದೋಸ್ತಿಗೆ ಸ್ವಲ್ಪ ಅನುಕೂಲ ಮಾಡಿಕೊಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಸಾಹೇಬನ ಹೆಂಡತಿಗೆ ಈ ಸಮಯದ ವಿಷಯ ತಿಳಿಯಲು ಒಂದು ಬೇಸಿಗೆ ಹಿಡಿಯಿತು. ಆ ಒಂದು ಬೇಸಿಗೆ ನಾವಿಬ್ಬರೂ ಮಧ್ಯಾಹ್ನದ 43 ಡಿಗ್ರಿ ಬಿಸಿಲಿನಲ್ಲಿ ಕಬ್ಬಿನ ಹಾಲು ಕುಡಿಯುತ್ತಾ ಅಡ್ಡಾಡಿದೆವು. ನಾಯಿಗಳು ಕೂಡ ನೆರಳಿಗೆ ಮಲಗಿ ನಮ್ಮನ್ನು ನೋಡುತ್ತಿದ್ದವು. ಅಷ್ಟು ಪ್ರೀತಿ ಇತ್ತು, ಏನು ಮಾಡೋದು.

ನಿಧಾನಕ್ಕೆ ಒಂದು ವಿಷಯ ನನ್ನ ತಲೆಗೆ ಹೋಯಿತು. ಮದುವೆಯಾದ ದೋಸ್ತ ಬೇಕೆಂದರೆ ಅವನಿಗೆ ಫೋನ್ ಮಾಡಿ ಉಪಯೋಗವಿಲ್ಲ. ಅವನ ಕೈಯಲ್ಲಿ ಏನೂ ಇರುವುದಿಲ್ಲ. ವೈನಿಗೆ, ಅಂದರೆ ಅವನ ಹೆಂಡತಿಗೆ, ಫೋನ್ ಮಾಡಬೇಕು. ಅದಕ್ಕಿಂತ ಒಳ್ಳೆಯದು, ನೇರ ಮನೆಗೆ ಹೋಗಬೇಕು. ಹೋಗಿ ಹೊರಗಿನ ಸೋಫಾದ ಮೇಲೆ ಕೂತರೆ ಕೆಟ್ಟೆವು. ನೀರು, ಚಾ, ಚೂಡಾ ಬಂದುಹೋದರೆ ಭೇಟಿ ಮುಗಿದಂತೆ. ಸೀದಾ ಅಡುಗೆಮನೆ ಬಾಗಿಲಲ್ಲಿ ಕುಕ್ಕುರುಗಾಲಲ್ಲಿ ಕೂತು, ಬೆಳ್ಳುಳ್ಳಿ ಬುಟ್ಟಿ ಎಳೆದುಕೊಂಡು ಸುಲಿಯಲು ಶುರು ಮಾಡಬೇಕು. ಶೇಂಗಾ ಹಿಂಡಿಗೆ ಎಷ್ಟು ಬೆಳ್ಳುಳ್ಳಿ ಇದ್ದರೂ ಸಾಲುವುದಿಲ್ಲ. ಯಾರೂ ಬೇಡ ಅನ್ನುವುದಿಲ್ಲ. ಪುಂಡಿಪಲ್ಯ ಸೋಸಲು ಬಂದರಂತೂ ರಾತ್ರಿ ಊಟ ಗ್ಯಾರಂಟಿ.

ಹೀಗೆ ಸುಲಿದೂ ಸುಲಿದೂ ಈಗ ನನಗೆ ಆ ಮನೆಗಳ ವಿಷಯ ಮನೆಯವರಿಗಿಂತ ಜಾಸ್ತಿ ಗೊತ್ತು. ಮಾಸ್ತರನ ತಾಯಿಗೆ ಶನಿವಾರ ಒಪ್ಪತ್ತು, ಅವತ್ತು ಸಿಟ್ಟು ಜಾಸ್ತಿ. ಸಾಹೇಬನ ಮನೆಯ ಧಾರಾವಾಹಿ ಮುಗಿಯುವ ಮುಂಚೆ ಬಾಗಿಲು ಬಡಿಯಬಾರದು. ಸಾವ್ಕಾರನ ಹೆಂಡತಿಗೆ ಯಾವ ಅಂಗಡಿಯವನು ಬಾಕಿ ಕೊಡಬೇಕು, ಯಾರಿಗೆ ಇವರು ಕೊಡಬೇಕು, ಎಲ್ಲ ಬಾಯಿಪಾಠ. ಗಂಡ ಹೆಂಡತಿ ಜಗಳವಾದರೆ ಇಬ್ಬರೂ ನನಗೇ ಫೋನ್ ಮಾಡುತ್ತಾರೆ. ಬೇರೆ ದಿನ ‘ನಿನಗೇನು ಗೊತ್ತಾಗ್ತದ ಸಂಸಾರ’ ಅನ್ನುವವರು ಅವರೇ. ತೀರ್ಪಿಗೆ ಮಾತ್ರ ನಾನು ಬೇಕು. ಒಮ್ಮೆ ಮಾಸ್ತರ ನನ್ನನ್ನು ದಿಟ್ಟಿಸಿ, ‘ಖರೇ ಹೇಳಲೇ, ನೀ ಯಾರ ದೋಸ್ತ?’ ಎಂದು ಕೇಳಿದ. ವೈನಿ ಒಳಗಿನಿಂದಲೇ, ‘ಅಣ್ಣಾರ, ಉಪ್ಪು ನೋಡ್ರಿ’ ಎಂದರು. ನಾನು ಉಪ್ಪು ನೋಡಲು ಎದ್ದು ಹೋದೆ.

ಮದುವೆಯಾದವರಿಗೆ ಒಂದು ಚಟ ಇರುತ್ತದೆ. ತಾವು ಬಿದ್ದ ಬಾವಿಯ ನೀರು ಸಿಹಿ ಅಂತ ಸಾಧಿಸುವುದು. ನನಗೆ ಕನ್ಯಾ ಹುಡುಕುವ ಕೆಲಸವನ್ನು ಮೂವರು ವೈನಿಯರೂ ಹಂಚಿಕೊಂಡರು. ಸೇಡಂ ಕಡೆಯ ಒಂದು ಹುಡುಗಿಯ ಬಯೋಡೇಟಾ ಎಲ್ಲರಿಗೂ ಒಪ್ಪಿಗೆಯಾಯಿತು. ನನ್ನನ್ನೂ ಕೇಳಿದರು, ಕೊನೆಗೆ. ನೋಡಲು ನಾನು, ಅಣ್ಣ, ಹಿರಿಯರೊಬ್ಬರು ಹೋದರೆ ಸಾಕಿತ್ತು. ಆದರೆ ಭಾನುವಾರ ಬೇರೆ, ಎಲ್ಲರಿಗೂ ಮನೆಯಲ್ಲಿ ಕೂತು ಬೇಸರ. ಒಂದು ಕ್ರೂಸರ್ ಗಾಡಿ ಬಾಡಿಗೆಗೆ ಬಂತು. ದೋಸ್ತರು, ವೈನಿಯರು, ಮಕ್ಕಳು, ಮಾಸ್ತರನ ತಾಯಿ, ದಾರಿಗೆ ಚುನಮುರಿ, ನೀರಿನ ಕ್ಯಾನು. ಎಲ್ಲ ತುಂಬಿದ ಮೇಲೆ ವರನಿಗೆ ಜಾಗ ಇಲ್ಲ. ಹಿಂದಿನ ಸೀಟಿನ ತುದಿಯಲ್ಲಿ ಅರ್ಧ ಕೂತೆ. ಸಾವ್ಕಾರನ ಎರಡು ವರ್ಷದ ಮಗ ನನ್ನ ತೊಡೆಗೆ ಬಂದ.

ಮಳಖೇಡ ಬಂದಾಗ ಮಾಸ್ತರನಿಗೆ ಪಾಠ ನೆನಪಾಯಿತು. ಕೋಟೆ ಕಡೆ ಕೈ ತೋರಿಸಿ, ‘ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ಅರವತ್ತಕ್ಕಿಂತ ಹೆಚ್ಚು ವರ್ಷ ಆಳ್ಯಾನ’ ಎಂದ. ಸಾವ್ಕಾರ ತನ್ನ ಹೆಂಡತಿಗೆ ಕೇಳದ ಹಾಗೆ, ‘ಮನ್ಯಾಗ ಯಾರೂ ಎದುರು ಮಾತಾಡ್ತಿದ್ದಿಲ್ಲ ಕಾಣ್ತದ’ ಎಂದ. ಹೆಂಡತಿಗೆ ಕೇಳಿಸಿತು. ಸೇಡಂವರೆಗೂ ಗಾಡಿಯಲ್ಲಿ ಶಾಂತಿ ನೆಲೆಸಿತ್ತು.

ಆ ಕೂಸಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅದಕ್ಕೆ ಆಗ ಬರುತ್ತಿದ್ದ ಮಾತು ಒಂದೇ, ಪಪ್ಪಾ. ಮೀಸೆ ಇದ್ದವರೆಲ್ಲ ಪಪ್ಪಾ. ಟಿವಿಯಲ್ಲಿ ಸುದ್ದಿ ಓದುವವನೂ ಪಪ್ಪಾ. ಅವತ್ತು ಅಷ್ಟು ಮಂದಿ ಹೊಸಬರನ್ನು ನೋಡಿ ಹೆದರಿ, ನನ್ನ ಕೊರಳು ತಬ್ಬಿಕೊಂಡಿದ್ದು ಬಿಡಲೇ ಇಲ್ಲ. ಅವರಪ್ಪ ಕೈ ಚಾಚಿದರೆ ಚೀರುತ್ತಿತ್ತು. ನಾನು ಹೊಸ ಬಿಳಿ ಅಂಗಿ ಹಾಕಿಕೊಂಡು, ಕೂಸನ್ನು ತೊಡೆ ಮೇಲೆ ಇಟ್ಟುಕೊಂಡು, ಜಮಖಾನೆಯ ನಡುವೆ ಕೂತೆ. ಹುಡುಗಿ ಚಾ ತಂದಳು. ನಾನು ಕಪ್ಪಿಗೆ ಕೈ ಹಾಕುವುದಕ್ಕೂ, ಕೂಸು ನನ್ನ ಮೀಸೆ ಎಳೆದು ‘ಪಪ್ಪಾ, ಪಪ್ಪಾ’ ಎನ್ನುವುದಕ್ಕೂ ಸರಿಹೋಯಿತು.

ಹುಡುಗಿಯ ಕಡೆಯ ಮುತ್ಯಾ ಒಬ್ಬರು ಅಲ್ಲಿಯವರೆಗೆ ಎಲೆ ಅಡಿಕೆ ಹಾಕಿಕೊಂಡು ಗಪ್ ಕೂತಿದ್ದರು. ಮೆಲ್ಲಗೆ ನಮ್ಮ ಅಣ್ಣನ ಕಡೆ ಬಗ್ಗಿ ಕೇಳಿದರು.

‘ಇವರ್ದು ಎರಡನೇ ಸಂಬಂಧ ಏನ್ರಿ?’

ಅಣ್ಣ ಇಲ್ಲ ಅನ್ನುವ ಮುಂಚೆ ಮಾಸ್ತರ ಬಾಯಿ ಹಾಕಿದ. ‘ಛೇ ಛೇ, ಮೊದಲನೇದೇ ಅದರಿ. ಕೂಸು ಬ್ಯಾರೇದವ್ರದು.’ ಇದರಿಂದ ವಿಷಯ ಇನ್ನೂ ಕೆಟ್ಟಿತು. ಸಾವ್ಕಾರ ಎದ್ದು ನಿಂತು ‘ನಂದೇ ಅದರಿ’ ಎಂದ. ಕೂಸು ಅವನನ್ನು ನೋಡಿ ಜೋರಾಗಿ ಅತ್ತಿತು. ಅದೇ ಭಯದಲ್ಲಿ ನನ್ನ ತೊಡೆ ಬೆಚ್ಚಗಾಯಿತು. ಮೇಲೆ ಏಳುವ ಹಾಗಿಲ್ಲ, ಕೂರುವ ಹಾಗಿಲ್ಲ. ಹುಡುಗಿ ಟ್ರೇ ಹಿಡಿದು ನಿಂತಲ್ಲೇ ನಗುತ್ತಿದ್ದಳು. ಒಳ್ಳೆಯ ಹುಡುಗಿ, ನಗುವೂ ಚೆನ್ನಾಗಿತ್ತು. ಅವಳೊಂದಿಗೆ ಬೇರೆ ಮಾತೇನೂ ಆಗಲಿಲ್ಲ. ಅವರ ಕಡೆಯಿಂದ ಉತ್ತರ ಬರಲಿಲ್ಲ. ನಮ್ಮವರು ಮಾತ್ರ ವಾಪಸ್ ಬರುವಾಗ ಕಾಗಿಣಾ ದಂಡೆಯಲ್ಲಿ ಗಾಡಿ ನಿಲ್ಲಿಸಿ, ಚುನಮುರಿ ತಿಂದು, ಫೋಟೊ ತೆಗೆಸಿಕೊಂಡು, ಭಾನುವಾರ ಛಲೋ ಹೋಯಿತು ಎಂದರು. ಒಂದು ಫೋಟೊದಲ್ಲಿ ನಾನಿದ್ದೇನೆ. ವೈನಿಯ ಟವೆಲ್ ಸುತ್ತಿಕೊಂಡಿದ್ದೇನೆ.

ಎಳ್ಳಮಾವಾಸ್ಯೆಯದು ಇನ್ನೊಂದು ತರಹ. ಅವತ್ತು ನಮ್ಮ ಕಡೆ ಹೊಲ ಇದ್ದವರು ಹೊಲಕ್ಕೆ, ಇಲ್ಲದವರು ಇದ್ದವರ ಹೊಲಕ್ಕೆ. ಸಜ್ಜೆ ರೊಟ್ಟಿ, ಭಜ್ಜಿ, ಹೋಳಿಗೆ, ಅಂಬಲಿ. ಹಸಿ ಕಾಳು, ಕಾಯಿಪಲ್ಯ ಎಲ್ಲ ಸೇರಿದ ಈ ಭಜ್ಜಿಯ ವಿಷಯದಲ್ಲಿ ಯಾವ ವೈನಿಯೂ ಇನ್ನೊಬ್ಬರಿಗೆ ಸೋಲುವುದಿಲ್ಲ. ಒಬ್ಬರ ಹೊಲದಲ್ಲಿ ಉಂಡು ಇನ್ನೊಬ್ಬರ ಹೊಲಕ್ಕೆ ಹೋಗದಿದ್ದರೆ ಮುಂದಿನ ಎಳ್ಳಮಾವಾಸ್ಯೆವರೆಗೂ ಮಾತು ಕೇಳಬೇಕು. ಸಂಸಾರಸ್ಥರಿಗೆ ತಮ್ಮ ಹೊಲ ಬಿಟ್ಟು ಬರಲಾಗಲ್ಲ ಎಂಬ ನೆಪ ಉಂಟು. ನನಗೆ ಯಾವ ನೆಪ? ಎಲ್ಲ ಕಡೆ ಉಣ್ಣುತ್ತೇನೆ. ಹೋದ ಸಲ ಸಾವ್ಕಾರನ ಹೊಲದಲ್ಲಿ ಅವನು ಚರಗ, ಅಂದರೆ ಭೂಮಿತಾಯಿಗೆ ನೈವೇದ್ಯ, ಚೆಲ್ಲುತ್ತಾ ಮುಂದೆ ಹೋದ. ಹಿಂದೆ ನೀರು ಹಾಕುತ್ತಾ ಬರಬೇಕಿದ್ದ ವೈನಿ ಕೂಸಿನ ಹಿಂದೆ ಓಡಿದರು. ತಂಬಿಗೆ ನನ್ನ ಕೈಗೆ ಬಂತು. ತೊಗರಿ ಸಾಲಿನ ನಡುವೆ ಅವನ ಹಿಂದೆಯೇ ತಲೆ ತಗ್ಗಿಸಿ ನೀರು ಹಾಕುತ್ತಾ ಹೊರಟಿದ್ದೆ. ಬದುವಿನ ಆಚೆಯಿಂದ ಪಕ್ಕದ ಹೊಲದ ಮುದುಕ ಕೂಗಿದ, ‘ಏನೋ ಸಾವ್ಕಾರ, ಈ ವರ್ಷ ಹೆಂಡ್ತಿ ಮೀಸಿ ಬಿಟ್ಟಾಳ?’

ಶರಣಬಸವೇಶ್ವರ ಜಾತ್ರೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೋಳಿ ಹುಣ್ಣಿಮೆ ಮುಗಿದ ಮೇಲೆ ತೇರು, ತೇರಿಗೆ ಉತ್ತತ್ತಿ, ಬಾಳೆಹಣ್ಣು. ದೊಡ್ಡ ತೊಟ್ಟಿಲು ಅಂದರೆ ಅಪ್ಪಂದಿರಿಗೆ ತಲೆ ಸುತ್ತುತ್ತದೆ, ಅಮ್ಮಂದಿರಿಗೆ ಸೀರೆ ಹಾರುತ್ತದೆ. ಮಕ್ಕಳೊಂದಿಗೆ ಹತ್ತುವವನು ಕಾಕಾ. ನನಗೂ ತಲೆ ಸುತ್ತುತ್ತದೆ. ಯಾರೂ ಕೇಳಿಲ್ಲ.

ಇಷ್ಟೆಲ್ಲ ಆದರೂ ನನಗಾಗಿ ಒಂದು ಹಬ್ಬ ಇದೆ. ನಾಗರ ಪಂಚಮಿ. ಹೆಣ್ಣುಮಕ್ಕಳು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುವ ಹಬ್ಬ. ಅಣ್ಣ ಬಂದು ಕರೆದ, ಬಸ್ಸು ಹತ್ತಿದರು, ಕೈ ಬೀಸಿದರು. ಬಸ್ ಸ್ಟ್ಯಾಂಡಿನಿಂದ ನೇರವಾಗಿ ಮೂವರೂ ನನ್ನ ರೂಮಿಗೆ ಬಂದರು. ಎಷ್ಟೋ ದಿನದ ಪ್ಲಾನ್ ಇದು. ರಾತ್ರಿಯಿಡೀ ಇಸ್ಪೀಟು, ಮಾಳಿಗೆ ಮೇಲೆ ಮಲಗೋದು, ಹೊರಗಿನಿಂದ ತಹರಿ, ಅಂದರೆ ಮಾಂಸ ಹಾಕಿದ ಅನ್ನ, ತರಿಸೋದು.

‘ತಹರಿ ಬ್ಯಾಡ, ಶ್ರಾವಣ ಅದ’ ಎಂದ ಮಾಸ್ತರ. ವೈನಿ ಹೇಳಿ ಕಳಿಸಿದ್ದಾರೆ ಅಂತ ಆಮೇಲೆ ಬಾಯಿಬಿಟ್ಟ. ಮೂವರ ಚೀಲದಿಂದಲೂ ಡಬ್ಬಿ ಹೊರಬಂತು. ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು. ನಾವು ಉಂಡಿ ತಿಂದು ಎಲೆ ಹಂಚಿದೆವು. ಮೊದಲ ಆಟ ಮುಗಿಯುವ ಮುಂಚೆ ಸಾಹೇಬನಿಗೆ ವಿಡಿಯೊ ಕಾಲ್ ಬಂತು. ಇಸ್ಪೀಟು ಕಾಣಬಾರದು ಅಂತ ಅವನು ಫೋನನ್ನು ಮೇಲೆ ಎತ್ತಿ ಹಿಡಿದ. ಅವನ ಮಗಳು ಹತ್ತು ನಿಮಿಷ ನನ್ನ ಫ್ಯಾನಿನ ಜೊತೆ ಮಾತಾಡಿದಳು. ಸಾವ್ಕಾರನಿಗೆ ಕೂಸಿಲ್ಲದೆ ಮನೆ ಖಾಲಿ ಖಾಲಿ ಅನ್ನಿಸುತ್ತದಂತೆ, ನನ್ನ ರೂಮಿನಲ್ಲಿ ಕೂತು. ಮಾಸ್ತರ ಗೋಡೆಗೆ ಒರಗಿ ಎಲೆ ಕೈಯಲ್ಲಿ ಹಿಡಿದೇ ನಿದ್ದೆಹೋದ. ಹತ್ತು ಗಂಟೆಗೆ ಮೂವರೂ ಗೊರಕೆ. ರಾತ್ರಿಯಿಡೀ ಎಚ್ಚರ ಇರಲು ಮಧ್ಯಾಹ್ನವೇ ನಿದ್ದೆ ಮಾಡಿಕೊಂಡಿದ್ದ ನಾನು ಒಬ್ಬನೇ ಎದ್ದು ಕೂತಿದ್ದೆ.

ಆಗ ಫೋನ್ ಬಂತು. ಮಾಸ್ತರನ ಹೆಂಡತಿ.

‘ಅಣ್ಣಾರ, ಅವ್ರು ಬಿಪಿ ಗುಳಗಿ ತಗೊಂಡ್ರಾ?’

ತೆಗೆದುಕೊಂಡಿರಲಿಲ್ಲ. ಎಬ್ಬಿಸಿ ನುಂಗಿಸಿದೆ. ‘ನಂದೇ ಆಟ ಅಲಾ?’ ಎಂದು ಕೇಳಿ ಮತ್ತೆ ಮಲಗಿದ. ಅಷ್ಟರಲ್ಲಿ ಮೆಸೇಜುಗಳು ಟಣ್ ಟಣ್ ಅಂತ ಶುರುವಾದವು. ಮೂವರು ವೈನಿಯರದು ಬೇರೆಯೇ ಒಂದು ವಾಟ್ಸಾಪ್ ಗುಂಪಿದೆ. ಗಂಡಸರ ಪೈಕಿ ಅದರಲ್ಲಿ ಇರುವವನು ನಾನೊಬ್ಬನೇ. ತವರಿನಲ್ಲಿ ಅವರಿಗೆ ಕುಕ್ಕರ್ ಇಲ್ಲ, ಅತ್ತೆ ಇಲ್ಲ, ಮಕ್ಕಳನ್ನು ಅಜ್ಜಿಯಂದಿರು ಮಲಗಿಸಿದ್ದಾರೆ. ಜೋಕಾಲಿ ಆಡಿದ್ದು, ಹಳೆಯ ಗೆಳತಿಯರು ಸಿಕ್ಕಿದ್ದು, ಯಾರ ಅತ್ತಿಗೆ ಯಾರಿಗೆ ಏನಂದಳು, ಎಲ್ಲ ಬಂತು. ನಾನು ಉಂಡಿ ತಿನ್ನುತ್ತಾ ಉತ್ತರ ಹಾಕುತ್ತಿದ್ದೆ. ಹನ್ನೆರಡು ಹೊಡೆಯಿತು. ‘ನಮ್ಮ ಸಾಹೇಬ್ರು ಏನ್ ಮಾಡ್ಲಾಕತ್ತಾರ, ಫೋಟೊ ಹಾಕ್ರಿ’ ಎಂದರು. ಸಾಲಾಗಿ ಬಾಯಿ ತೆರೆದು ಮಲಗಿದ್ದ ಮೂವರದೂ ಫೋಟೊ ತೆಗೆದು ಹಾಕಿದೆ.

ಸ್ವಲ್ಪ ಹೊತ್ತು ಯಾರದೂ ಸುದ್ದಿ ಇಲ್ಲ. ಆಮೇಲೆ ಸಾವ್ಕಾರನ ಹೆಂಡತಿಯ ಮೆಸೇಜು ಬಂತು.

‘ಅವ್ರ ಸುದ್ದಿ ಬಿಡ್ರಿ. ಆ ಚಾದರ ಯಾವಾಗ ಒಗದಿದ್ರಿ ಅಣ್ಣಾರ? ಇದನ್ನ ನೋಡಿದ್ರ ಯಾರ್ ಕನ್ಯಾ ಕೊಡ್ತಾರ?’