ಮೋಸದ ಕಥೆಯೊಂದೇ ಅಲ್ಲ

ಪ್ರಾಚೀನ ಒಲಿಂಪಿಕ್ಸ್ ಕುರಿತ ನಿಮ್ಮ ಲೇಖನಮಾಲೆಯಲ್ಲಿ ಪೆಲೋಪ್ಸ್ ಎಂಬ ವೀರನ ಕಥೆ ಹೇಳಿ, ‘ಒಲಿಂಪಿಕ್ಸ್ ಹುಟ್ಟಿದ್ದೇ ಮೋಸದಿಂದ’ ಎಂದು ಲೇಖಕರು ಒಂದೇ ಏಟಿಗೆ ತೀರ್ಪು ಕೊಟ್ಟಿರುವುದನ್ನು ಒಪ್ಪಲಾರೆ. ರಥದ ಓಟದಲ್ಲಿ ತನ್ನನ್ನು ಸೋಲಿಸಿದವನಿಗೆ ಮಗಳು ಹಿಪ್ಪೊಡಾಮಿಯಾ, ಸೋತವನಿಗೆ ಸಾವು ಎಂಬುದು ಗ್ರೀಕ್ ಪುರಾಣದ ಒಬ್ಬ ರಾಜನ ಪಣ. ಆ ಓಟ ಗೆಲ್ಲಲು ಪೆಲೋಪ್ಸ್ ರಾಜನ ಸಾರಥಿಗೆ ಆಮಿಷವೊಡ್ಡಿ, ಆ ರಾಜ ಒನೊಮಾಸ್‌ನ ರಥಕ್ಕೆ ಮೇಣದ ಕಡಾಣಿ ಹಾಕಿಸಿದ ಎಂಬುದು ಕಥೆಯ ಒಂದು ರೂಪ ಮಾತ್ರ. ಕ್ರಿ.ಪೂ. 476ರ ಒಲಿಂಪಿಕ್ ಗೆಲುವೊಂದಕ್ಕಾಗಿ ಕವಿ ಪಿಂಡಾರ್ ಕಟ್ಟಿದ ಹಾಡಿನಲ್ಲಿ ಮೇಣವೂ ಇಲ್ಲ, ಲಂಚವೂ ಇಲ್ಲ. ಅಲ್ಲಿ ಪೆಲೋಪ್ಸ್ ಕತ್ತಲಲ್ಲಿ ಒಬ್ಬನೇ ಕಡಲ ದಡಕ್ಕೆ ಹೋಗಿ ಸಮುದ್ರದೇವ ಪೊಸೈಡನ್‌ನನ್ನು ಕೂಗುತ್ತಾನೆ. ಹದಿಮೂರು ವರರನ್ನು ರಾಜ ಕೊಂದಿದ್ದಾನೆಂಬುದು ಅವನಿಗೆ ಗೊತ್ತು. ಸಾವು ಹೇಗೂ ತಪ್ಪದು, ಹೆಸರಿಲ್ಲದೆ ಮೂಲೆಯಲ್ಲಿ ಕೂತು ಮುದಿಯಾಗುವುದೇಕೆ ಎಂದು ಕೇಳುತ್ತಾನೆ. ಗ್ರೀಕರು ಮೈದಾನಕ್ಕೆ ಏಕೆ ಇಳಿದರು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಕ್ಕಿಲ್ಲ.

ಇನ್ನು ಹಿಪ್ಪೊಡಾಮಿಯಾಳನ್ನು ಬರೀ ಪಣಕ್ಕಿಟ್ಟ ಹುಡುಗಿಯಾಗಿ ತೋರಿಸಿದ್ದು ನಿಜಕ್ಕೂ ಬೇಸರ ತಂದಿತು. ಮದುವೆ ಕೂಡಿಬಂದ ಹರಕೆಗೆ ಹದಿನಾರು ಹೆಂಗಸರನ್ನು ಸೇರಿಸಿ, ಹೇರಾ ದೇವಿಯ ಹೆಸರಲ್ಲಿ ಕನ್ಯೆಯರ ಓಟ ಆರಂಭಿಸಿದವಳು ಅವಳೇ ಎಂಬ ಐತಿಹ್ಯವನ್ನು ಪ್ರಾಚೀನ ಗ್ರೀಕ್ ಪ್ರವಾಸಿ ಪೌಸಾನಿಯಸ್ ದಾಖಲಿಸಿದ್ದಾನೆ. ಒಲಿಂಪಿಕ್ಸ್ ನಡೆಯುತ್ತಿದ್ದ ಅದೇ ಒಲಿಂಪಿಯಾದ ಮೈದಾನ, ಓಟದ ದೂರ ಮಾತ್ರ ಗಂಡಸರದ್ದಕ್ಕಿಂತ ಆರನೇ ಒಂದು ಪಾಲು ಕಡಿಮೆ. ಬಿಚ್ಚುಗೂದಲು, ಬಲಭುಜ ತೆರೆದ ಗಿಡ್ಡ ಅಂಗಿ, ಗೆದ್ದವಳಿಗೆ ಆಲಿವ್ ಕಿರೀಟದ ಜೊತೆ ಬಲಿಯ ಹಸುವಿನ ಮಾಂಸದಲ್ಲೂ ಪಾಲು. ಮುಂದಿನ ಕಂತಿನಲ್ಲಾದರೂ ಇದಕ್ಕೆ ಜಾಗ ಕೊಡಿ.