ಮನಸ್ಸು ಓದುವವರ ಹಾಸ್ಟೆಲು

ಮನಸ್ಸು ಓದಬಲ್ಲ ಮಕ್ಕಳಿಗೆಂದೇ ಒಂದು ವಸತಿ ಶಾಲೆ ತೆರೆದರೆ ಅಲ್ಲಿ ಮೊದಲು ರಾಜೀನಾಮೆ ಕೊಡುವವರು ಅಡುಗೆಭಟ್ಟರು. ರಾತ್ರಿ ಉಳಿದ ಅನ್ನವೇ ಬೆಳಿಗ್ಗೆ ಚಿತ್ರಾನ್ನವಾಗುತ್ತದೆ ಎನ್ನುವುದು ಯಾವ ಹಾಸ್ಟೆಲಿನ ಹುಡುಗರಿಗೂ ಹೊಸ ಸಂಗತಿಯೇನಲ್ಲ. ಆದರೂ ಗೊತ್ತಿಲ್ಲದವರಂತೆ ತಟ್ಟೆ ಒಡ್ಡುತ್ತಾರೆ, ಭಟ್ಟರೂ ಗೊತ್ತಿಲ್ಲದವರಂತೆ ಬಡಿಸುತ್ತಾರೆ. ಈ ಶಾಲೆಯಲ್ಲಿ ಹಾಗಲ್ಲ. ಸಾಂಬಾರಿಗೆ ಇನ್ನೊಂದು ಕೊಡ ನೀರು ಸುರಿದರೆ ಹೇಗೆ ಎಂಬ ಯೋಚನೆ ಅವರ ತಲೆಯಲ್ಲಿ ಮೂಡುವಷ್ಟರಲ್ಲಿ ಪ್ರಾರ್ಥನಾ ಮಂದಿರದಲ್ಲಿ ಕಣ್ಣುಮುಚ್ಚಿ ಕುಳಿತ ಇನ್ನೂರು ಮಕ್ಕಳೂ ಒಟ್ಟಿಗೆ ನಿಟ್ಟುಸಿರು ಬಿಟ್ಟಿರುತ್ತಾರೆ. ಇಂಥ ಕಡೆ ಯಾವ ಮರ್ಯಾದಸ್ಥ ಭಟ್ಟರು ನಿಲ್ಲುತ್ತಾರೆ?

ಇಂಥ ಶಾಲೆಗಳು ಕಥೆಗಳಲ್ಲಿ ಬೇಕಾದಷ್ಟಿವೆ. ಅಮೆರಿಕದ 'ಎಕ್ಸ್-ಮೆನ್' ಕಾಮಿಕ್ಸ್ ಪುಸ್ತಕಗಳಲ್ಲಂತೂ ಇಂಥದೊಂದು 1963ರಿಂದ ನಡೆಯುತ್ತಿದೆ. ಅದರ ಮುಖ್ಯಸ್ಥರಿಗೇ ಮನಸ್ಸು ಓದುವ ವಿದ್ಯೆ ಬರುತ್ತದೆ. ಅಲ್ಲಿನ ಮಕ್ಕಳು ಜಗತ್ತನ್ನು ಉಳಿಸುವುದರಲ್ಲೇ ಮುಳುಗಿರುವುದರಿಂದ ಬೆಳಗಿನ ಬಿಸಿನೀರಿಗೆ ಯಾರ ಸರದಿ ಎಂಬ ಪ್ರಶ್ನೆ ಏಳುವುದೇ ಇಲ್ಲ. ನನಗೋ ಕುತೂಹಲವೆಲ್ಲ ಆ ಸರದಿಯದೇ. ಕೈ ಮುಟ್ಟದೆ ವಸ್ತುಗಳನ್ನು ಸರಿಸಬಲ್ಲ ಹುಡುಗನೊಬ್ಬನಿದ್ದಾನೆ ಎಂದುಕೊಳ್ಳಿ. ಅವನು ಬೆಟ್ಟ ಎತ್ತಲು ಹೋಗುವುದಿಲ್ಲ. ಐದು ಗಂಟೆಗೆ, ಕಂಬಳಿಯೊಳಗಿಂದ ಮೂಗನ್ನೂ ಹೊರಗೆ ಹಾಕದೆ, ತನ್ನ ಬಕೆಟ್ಟನ್ನು ನಲ್ಲಿಯ ಕೆಳಗೆ ಎಲ್ಲರಿಗಿಂತ ಮುಂದೆ ತಳ್ಳುತ್ತಾನೆ. ಅವನಂಥವರು ಇನ್ನೂ ಐದಾರು ಮಂದಿ ಇದ್ದರಂತೂ ಸ್ನಾನದ ಮನೆಯಲ್ಲಿ ಒಬ್ಬ ನರಪಿಳ್ಳೆಯೂ ಇಲ್ಲದೆ ಬಕೆಟ್ಟುಗಳೇ ಗುದ್ದಾಡಿಕೊಳ್ಳುತ್ತವೆ.

ಪ್ರವೇಶ ಪರೀಕ್ಷೆ ಮಾಡುವುದಾದರೂ ಹೇಗೆ? ಆಯ್ಕೆಯಾಗುವುದು ಮೊದಲೇ ಗೊತ್ತಿರುವವರು ಅರ್ಜಿ ಹಾಕದೆ ಟ್ರಂಕು ಹೊತ್ತು ಬಾಗಿಲಿಗೆ ಬಂದಿರುತ್ತಾರೆ. ಅರ್ಜಿ ಹಾಕಿದವರನ್ನು ಆ ಕಾರಣಕ್ಕೇ ಕೈಬಿಡಬಹುದು. ಇದನ್ನು ತಮಾಷೆಯಿಲ್ಲದೆ ಮಾಡಲು ಹೋದವರೂ ಇದ್ದಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ. ಬಿ. ರೈನ್ ಎಂಬುವರು 1930ರ ದಶಕದಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಇದೇ ಕೆಲಸ ಮಾಡಿದರು. ವೃತ್ತ, ಕೂಡುಚಿಹ್ನೆ, ಅಲೆಗೆರೆ, ಚೌಕ, ನಕ್ಷತ್ರ, ಹೀಗೆ ಐದು ಗುರುತುಗಳ, ಇಸ್ಪೀಟಿನಂಥ 25 ಎಲೆಗಳ ಕಟ್ಟು. ಕಾಣದ ಎಲೆ ಯಾವುದೆಂದು ಹೇಳಬೇಕು. ಕಣ್ಣುಮುಚ್ಚಿ ಬಾಯಿಗೆ ಬಂದದ್ದನ್ನು ಹೇಳುತ್ತ ಹೋದರೂ ಸರಾಸರಿ ಐದು ಸರಿಯಾಗುತ್ತವೆ. ಪಾದ್ರಿಯಾಗಲು ಓದುತ್ತಿದ್ದ ಹ್ಯೂಬರ್ಟ್ ಪಿಯರ್ಸ್ ಎಂಬ ವಿದ್ಯಾರ್ಥಿ ಗ್ರಂಥಾಲಯದಲ್ಲಿ ಕುಳಿತು, ಬೇರೊಂದು ಕಟ್ಟಡದಲ್ಲಿದ್ದ ಎಲೆಗಳನ್ನು ಊಹಿಸಿದ. 1,850 ಊಹೆಗಳಲ್ಲಿ 370 ಸರಿಯಾಗಬೇಕಾದಲ್ಲಿ 558 ಸರಿಯಾದವು. ಲೋಕ ಬೆರಗಾಯಿತು. ವರ್ಷಗಳ ಮೇಲೆ ಹ್ಯಾನ್ಸೆಲ್ ಎಂಬ ಮನಶ್ಶಾಸ್ತ್ರಜ್ಞ ಒಂದು ಸಣ್ಣ ಪ್ರಶ್ನೆ ಎತ್ತಿದ: ಗ್ರಂಥಾಲಯದಲ್ಲಿ ಹುಡುಗನ ಮೇಲೆ ಕಣ್ಣಿಟ್ಟವರು ಯಾರು? ಯಾರೂ ಇರಲಿಲ್ಲ. ಮೆಲ್ಲಗೆ ಎದ್ದುಹೋಗಿ ಇಣುಕಿ ನೋಡಿ ಬರಬಹುದಿತ್ತಲ್ಲ? ಪಿಯರ್ಸ್ ಹಾಗೆ ಮಾಡಿದನೆಂಬುದಕ್ಕೆ ಸಾಕ್ಷಿಯಿಲ್ಲ, ಪಾಪ. ಆದರೆ ವಿಜ್ಞಾನಿಗಳಿಗೆ ಇಷ್ಟು ತಡವಾಗಿ ಹೊಳೆದ ಪ್ರಶ್ನೆ ನಮ್ಮ ಯಾವುದೇ ವಾರ್ಡನ್ನರ ಬಾಯಲ್ಲಿ ಮೊದಲ ದಿನವೇ ಬಂದಿರುತ್ತಿತ್ತು. ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಆ ಎಲೆಗಳ ಮುದ್ರಣವೂ ಎಷ್ಟು ಕಳಪೆಯಾಗಿತ್ತೆಂದರೆ, ಬೆಳಕಿಗೆ ಹಿಡಿದರೆ ಹಿಂದಿನಿಂದಲೇ ಗುರುತು ಕಾಣುತ್ತಿತ್ತು.

ನಮ್ಮಲ್ಲಿ ಪವಾಡಗಳನ್ನು ಪರೀಕ್ಷಿಸಲು ಹೊರಟವರಂತೂ ಅಪ್ಪಟ ಹಾಸ್ಟೆಲ್‌ವಾಸಿ. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ, 1976ರಲ್ಲಿ, ಅದಕ್ಕಾಗಿ ಸಮಿತಿಯನ್ನೇ ರಚಿಸಿದ ಎಚ್. ನರಸಿಂಹಯ್ಯನವರು ಬದುಕಿನ ಬಹುಭಾಗವನ್ನು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನಲ್ಲೇ ಕಳೆದರು. ಇದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಹುಡುಗರ ರಜಾಚೀಟಿಗಳ ನಡುವೆ ಅಷ್ಟು ವರ್ಷ ಬಾಳಿದವರು ಯಾವುದನ್ನೂ ಪರೀಕ್ಷಿಸದೆ ನಂಬುವುದುಂಟೆ? ರಜಾಚೀಟಿಯೆಂದರೆ ನೆನಪಾಯಿತು. ಭವಿಷ್ಯ ಬಲ್ಲ ಹುಡುಗ ಹೀಗೆ ಬರೆಯಬೇಕಾಗುತ್ತದೆ: 'ಮುಂದಿನ ತಿಂಗಳ ಎರಡನೆಯ ಮಂಗಳವಾರ ನನ್ನ ಅಜ್ಜಿ ತೀರಿಕೊಳ್ಳಲಿದ್ದಾರೆ, ಆದ್ದರಿಂದ ಮೂರು ದಿನ ರಜೆ ದಯಪಾಲಿಸಬೇಕು.' ಭವಿಷ್ಯ ಬಲ್ಲ ವಾರ್ಡನ್ ಕೆಳಗೆ ಷರಾ ಬರೆಯುತ್ತಾರೆ: 'ಆ ಅಜ್ಜಿ ಇನ್ನೂ ಹನ್ನೆರಡು ವರ್ಷ ಗಟ್ಟಿಯಾಗಿರುತ್ತಾರೆ. ಮಂಗಳವಾರ ಊರಲ್ಲಿ ಜಾತ್ರೆ. ತಿರಸ್ಕರಿಸಿದೆ.'

ಪಠ್ಯಕ್ರಮದ ವಿಷಯಕ್ಕೆ ಬಂದರೆ, ಪರರ ಚಿತ್ತವನ್ನು ಅರಿಯುವ ಸಿದ್ಧಿಯನ್ನು ಪತಂಜಲಿ ತಮ್ಮ ಯೋಗಸೂತ್ರಗಳ ವಿಭೂತಿಪಾದದಲ್ಲಿ ಹೇಳಿದ್ದಾರೆ. ಅದೇ ಪಾದದಲ್ಲಿ, ಇವೆಲ್ಲ ಹೊರಮುಖವಾದ ಮನಸ್ಸಿಗೆ ಸಿದ್ಧಿಗಳು, ಸಮಾಧಿಗೆ ಮಾತ್ರ ವಿಘ್ನಗಳು ಎಂದೂ ಎಚ್ಚರಿಸಿದ್ದಾರೆ. ಸಮಾಧಿಯ ಮಾತು ದೊಡ್ಡದಾಯಿತು. ಇಲ್ಲಿ ನಿದ್ದೆಗೇ ವಿಘ್ನ. ನಲವತ್ತು ಮಂದಿ ಮಲಗುವ ಕೋಣೆಯಲ್ಲಿ ಒಬ್ಬ ಲೆಕ್ಕದ ಪರೀಕ್ಷೆಗೆ ಹೆದರುತ್ತಿದ್ದಾನೆ, ಇನ್ನೊಬ್ಬ ಕದ್ದ ಪೆನ್ನನ್ನು ಎಲ್ಲಿ ಬಚ್ಚಿಡಲಿ ಎಂದು ಯೋಚಿಸುತ್ತಿದ್ದಾನೆ, ಮೂರನೆಯವನ ತಲೆಯಲ್ಲಿ ಒಂದೇ ಹಾಡಿನ ಒಂದೇ ಸಾಲು ಸುತ್ತುತ್ತಿದೆ. ಎಲ್ಲವೂ ಎಲ್ಲರಿಗೂ ಕೇಳಬೇಕು.

ಸಾಮಾನ್ಯ ಹಾಸ್ಟೆಲಿನಲ್ಲಿ ಜೂನ್ ತಿಂಗಳ ಮೊದಲ ವಾರ ಹೊಸಬನೊಬ್ಬ ಹೊದಿಕೆಯೊಳಗೆ ಅಳುತ್ತಾನೆ. ಸುತ್ತಲಿನವರಿಗೆ ಎಚ್ಚರವಿರುತ್ತದೆ, ಆದರೆ ಯಾರೂ ಅಲುಗಾಡುವುದಿಲ್ಲ. ಒಬ್ಬಿಬ್ಬರು ಬೇಕೆಂದೇ ಗೊರಕೆ ಹೊಡೆಯುತ್ತಾರೆ. ಬೆಳಿಗ್ಗೆ ಅವನ ಕೆಂಪು ಕಣ್ಣಿನ ಬಗ್ಗೆ ಮಾತಿಲ್ಲ, ಹಲ್ಲುಪುಡಿ ಇದೆಯಾ ಎಂಬ ವಿಚಾರಣೆ ಮಾತ್ರ. ಹತ್ತು ವರ್ಷದ ಮಕ್ಕಳಿಗೆ ಈ ನಯವನ್ನು ಯಾರೂ ಕಲಿಸಿರುವುದಿಲ್ಲ. ನಮ್ಮ ವಿಶೇಷ ಶಾಲೆಯಲ್ಲಿ ಅಳುವ ಸದ್ದಷ್ಟೇ ಕೇಳಿ ಮುಗಿಯುವುದಿಲ್ಲ. ಅವನ ಅಮ್ಮನ ಸೀರೆಯ ಬಣ್ಣ, ಬಸ್ ನಿಲ್ದಾಣದಲ್ಲಿ ಅಪ್ಪ ಮುಖ ತಿರುಗಿಸಿಕೊಂಡ ರೀತಿ, ಎಲ್ಲವೂ ನಲವತ್ತು ಹಾಸಿಗೆಗಳಿಗೂ ಹಂಚಿಹೋಗುತ್ತದೆ. ಹಾಗಾಗಿ ಅಲ್ಲಿ ಗೊರಕೆಯನ್ನೇ ಮೊದಲ ಪಾಠವಾಗಿಡಬೇಕು. ಎಲೆಯ ಗುರುತು ಹೇಳುವುದನ್ನು ಎರಡನೆಯ ವರ್ಷಕ್ಕೆ ಮುಂದೂಡಿದರೆ ಗಂಟು ಹೋಗುವುದೇನಿಲ್ಲ.

ಭೇಟಿಯ ಭಾನುವಾರ ಮಾತ್ರ ಎಲ್ಲ ಶಾಲೆಗಳಲ್ಲೂ ಒಂದೇ. ಅಪ್ಪ 'ಸಾಲವೆಲ್ಲ ತೀರಿತು ಕಣೋ' ಎನ್ನುತ್ತಾರೆ, ಮಗ 'ಊಟ ಚೆನ್ನಾಗಿದೆ' ಎನ್ನುತ್ತಾನೆ. ಗೇಟಿನಾಚೆ ಬಸ್ಸು ಹೊರಟ ಮೇಲೆ ಹುಡುಗ ಚಕ್ಕುಲಿ ಡಬ್ಬವನ್ನು ಟ್ರಂಕಿನ ತಳದಲ್ಲಿ, ಬಟ್ಟೆಗಳ ಅಡಿಯಲ್ಲಿಟ್ಟು ಬೀಗ ಹಾಕುತ್ತಾನೆ. ತಿರುಗಿ ನೋಡಿದರೆ ಅಷ್ಟೂ ಮಂದಿ ತಟ್ಟೆ ಹಿಡಿದು ನಿಂತಿರುತ್ತಾರೆ. ಇದಕ್ಕೆ ಅತೀಂದ್ರಿಯ ಶಕ್ತಿಯೇ ಕಾರಣವೆಂದು ರೈನ್ ಸಾಹೇಬರು ಬರೆದುಕೊಳ್ಳುತ್ತಿದ್ದರೇನೋ. ಮಾಮೂಲಿ ಹಾಸ್ಟೆಲಿನಲ್ಲಿ ಅಷ್ಟೇ ಮಂದಿ, ಅಷ್ಟೇ ಬೇಗ ಬರುತ್ತಾರೆ.