ಮೂರು ಮುಕ್ಕಾಲು ಮೀಟರು

ಮೊನ್ನೆ ರಾತ್ರಿ ಊಟಕ್ಕೆ ಕುಳಿತಿದ್ದಾಗ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳು ರೊಟ್ಟಿ ಮುರಿಯುವುದನ್ನು ಅರ್ಧಕ್ಕೆ ನಿಲ್ಲಿಸಿ, "ಅಪ್ಪಾ, ಕಬಡ್ಡಿ ಅಂಕಣದಾಗ ನಡುಗೆರಿಯಿಂದ ಬಾಕ್ ಲೈನ್ ಎಷ್ಟು ದೂರ ಇರ್ತೈತಿ?" ಎಂದು ಕೇಳಿದಳು. ಎದುರಾಳಿಗಳ ಅಂಕಣದೊಳಗೆ ದಾಳಿಗೆ ಹೋದವನು ದಾಟಬೇಕಾದ ಆ ಗೆರೆಯನ್ನು ಹೈಸ್ಕೂಲಿನ ಮೂರು ವರ್ಷ ಉಸಿರು ಬಿಗಿಹಿಡಿದು ದಾಟಿ, ದಾಟಿದ ಮೇಲೆ ಮರಳಲಾಗದೆ ಎಷ್ಟೋ ಸಲ ಅಲ್ಲಿಯೇ ಮಣ್ಣು ಮುಕ್ಕಿದ ನನಗೆ ಉತ್ತರ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಗಂಡಸರಿಗೆ ಮೂರು ಮುಕ್ಕಾಲು ಮೀಟರು, ಹೆಂಗಸರಿಗೆ ಮೂರು. ಗಂಡಸರ ಅಂಕಣ 13ಕ್ಕೆ 10, ಹೆಂಗಸರದು 12ಕ್ಕೆ 8. ಒಂದು ದಾಳಿಗೆ 30 ಸೆಕೆಂಡು. ಖೋಖೋ ಕಂಬದ ಎತ್ತರ 120ರಿಂದ 125 ಸೆಂಟಿಮೀಟರು. ಮರುದಿನ ದೈಹಿಕ ಶಿಕ್ಷಣದ ಪರೀಕ್ಷೆಯಿತ್ತು, ಬಿಟ್ಟ ಸ್ಥಳ ತುಂಬುವ ಪರೀಕ್ಷೆ. "ನೀ ಎಂದಾದರೂ ಕಬಡ್ಡಿ ಆಡಿಯೇನು?" ಎಂದೆ. "ಎಲ್ಲೀದು? ಪಿ.ಟಿ. ಪೀರಿಯಡ್ ಗಣಿತದ ಟೀಚರ್ ತೊಗೋತಾರ" ಎಂದು ಪಲ್ಯ ಬಡಿಸಿಕೊಂಡಳು.

ಗಂಡಸರಿಗೆ ಸರಿಯಾಗಿ ನಾಲ್ಕು ಎನ್ನದೆ ಮೂರು ಮುಕ್ಕಾಲು ಏಕೆ, ಹೆಂಗಸರಿಗೆ ಆ ಮುಕ್ಕಾಲನ್ನೂ ಕಿತ್ತುಕೊಂಡದ್ದೇಕೆ ಎಂಬುದನ್ನು ಬಿಡಿಸಿ ಹೇಳಲು ನನ್ನಿಂದಾಗದು. ಆದರೆ ಅಂಕಣದ ಗೆರೆ ಎಂದೊಡನೆ ನನಗೆ ನೆನಪಾಗುವುದು ಗದಗ ಜಿಲ್ಲೆಯ ನರಗುಂದದ ಕಡೆಗಿರುವ ನಮ್ಮೂರಿನ ಹೈಸ್ಕೂಲ್ ಮೈದಾನ, ಅದರ ಎರೆಮಣ್ಣು, ಮತ್ತು ಆ ಮಣ್ಣು ನುಂಗಿದ ಸೀಟಿ.

ಎರೆನೆಲದ ಮೇಲೆ ಗೆರೆ ಹಾಕುವುದು ಸುಲಭದ ಕೆಲಸವಲ್ಲ. ಮಳೆಗಾಲದಲ್ಲಿ ಸುಣ್ಣ ಚೆಲ್ಲಲು ಹೋದವನು ಚಪ್ಪಲಿಯನ್ನು ಅಲ್ಲಿಯೇ ಬಿಟ್ಟು ಬರುತ್ತಿದ್ದ. ಬೇಸಿಗೆಯಲ್ಲಿ ನೆಲವೇ ಬಾಯಿಬಿಟ್ಟು, ಮೊಣಕೈವರೆಗೆ ಕೈ ಇಳಿಯುವಷ್ಟು ಆಳದ ಗೆರೆಗಳನ್ನು ತನ್ನಿಚ್ಛೆಯಂತೆ ಎಳೆದುಕೊಳ್ಳುತ್ತಿತ್ತು. ನಮ್ಮ ಪಿ.ಟಿ. ಮಾಸ್ತರರ ಸೀಟಿ ಹಿತ್ತಾಳೆಯದು. ಬಾಯಿಗಿಡುವ ಕಡೆ ಬಿಳಿಯ ಲೇಪ ಸವೆದು ಹಳದಿ ಕಾಣುತ್ತಿತ್ತು. ಬೂಟಿನ ಲಾಡಿಗೆ ಕಟ್ಟಿ ಕೊರಳಲ್ಲಿ ಹಾಕಿಕೊಂಡಿದ್ದ ಅದನ್ನು ಅವರು ಮದುವೆಯ ಊಟದ ಪಂಕ್ತಿಯಲ್ಲಿಯೂ ತೆಗೆದದ್ದನ್ನು ಯಾರೂ ಕಂಡಿರಲಿಲ್ಲ. ಮಾರ್ಚ್ ತಿಂಗಳ ಒಂದು ಶನಿವಾರ, ಬೆಳಗಿನ ಶಾಲೆಯ ಸಾಮೂಹಿಕ ಕವಾಯತಿನಲ್ಲಿ, ಹುಡುಗನೊಬ್ಬನ ಹಿಮ್ಮಡಿ ಜೋಡಿಸಲು ಅವರು ಬಗ್ಗಿದರು, ಲಾಡಿ ಹರಿಯಿತು, ಸೀಟಿ ಬಿರುಕಿನೊಳಗೆ ಜಾರಿತು. ಅದೇ ಕ್ಷಣದಲ್ಲಿ ಇಡೀ ಶಾಲೆ ಎರಡೂ ಕೈ ಮೇಲೆತ್ತಿ ನಿಂತಿತ್ತು, ಕೈ ಇಳಿಸುವುದಕ್ಕೆ ಸೀಟಿಯೇ ಆಗಬೇಕಿತ್ತು. ಮಾಸ್ತರರು ಬಿರುಕಿನೊಳಗೆ ಕಣ್ಣಿಟ್ಟು ಕುಳಿತಿದ್ದರು; ನಾವು ಕೈ ಎತ್ತಿಕೊಂಡೇ ಇದ್ದೆವು.

ಮೊದಲು ಸೈಕಲ್ಲಿನ ಕಡ್ಡಿಯನ್ನು ಕೊಕ್ಕೆ ಮಾಡಿ ಇಳಿಬಿಟ್ಟರು, ಮಣ್ಣಿನ ಹೆಂಟೆಯಷ್ಟೇ ಬಂತು. ವಿಜ್ಞಾನದ ಮಾಸ್ತರರು ಪ್ರಯೋಗಶಾಲೆಯ ಅಯಸ್ಕಾಂತವನ್ನು ದಾರ ಕಟ್ಟಿ ಕಳಿಸಿದರು. ಹಿತ್ತಾಳೆ ಅಯಸ್ಕಾಂತಕ್ಕೆ ಬಗ್ಗುವುದಿಲ್ಲವೆಂಬುದು ಅಂದು ಎಲ್ಲರಿಗೂ ತಿಳಿಯಿತು, ಅವರಿಗೂ. ಆಗ ಒಬ್ಬ ಜಾಣ, ನೀರು ಹಾಕಿದರೆ ತೇಲಿ ಬರುತ್ತದೆ ಎಂದು ಯಾರ ಅಪ್ಪಣೆಯನ್ನೂ ಕೇಳದೆ ಎರಡು ಕೊಡ ನೀರು ಸುರಿದ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ. ಬಿರುಕಿನ ಅಂಚು ಕುಸಿದು, ಉಬ್ಬಿ, ಸೋಮವಾರದ ಹೊತ್ತಿಗೆ ಬಾಯಿ ಮುಚ್ಚಿಕೊಂಡಿತ್ತು. ಆ ಜಾಣ ನಾನೇ. ಮಾಸ್ತರರು ಹೊಡೆಯಲಿಲ್ಲ, "ಮಣ್ಣ ಕೊಟ್ಟು ಬಿಟ್ಟೆಲ್ಲೋ" ಎಂದಷ್ಟೇ ಅಂದರು. ಆಟದ ಸಾಮಾನಿನ ಲೆಕ್ಕ ಮುಗಿದಿದೆ, ಹೊಸದಕ್ಕೆ ಜೂನ್ ಬರಲಿ ಎಂದು ಹೆಡ್ ಮಾಸ್ತರರು ಹೇಳಿದ್ದರಿಂದ, ಆ ವರ್ಷದ ಉಳಿದ ಕವಾಯತೆಲ್ಲ ಚಪ್ಪಾಳೆಯ ಮೇಲೆ ನಡೆಯಿತು. ಮುಂದಿನ ಬೇಸಿಗೆಯಲ್ಲಿ ನೆಲ ಬಿರಿದಾಗ ನಾವೆಲ್ಲ ಹೋಗಿ ಇಣುಕಿದೆವು. ಬಿರುಕು ಬೇರೆ ಕಡೆ ಬಿದ್ದಿತ್ತು.

ಆ ಮಾಸ್ತರರಿಗೆ ಸೀಟಿಯಾದರೂ ಇತ್ತು, ಕಳೆದುಕೊಳ್ಳುವುದಕ್ಕೆ. ಈಗಿನ ಪಿ.ಟಿ. ಮಾಸ್ತರರು ಪ್ರಾರ್ಥನೆಗೆ ಸಾಲು ನಿಲ್ಲಿಸಬೇಕು, ತಡವಾಗಿ ಬಂದವರನ್ನು ಗೇಟಿನಲ್ಲಿ ಹಿಡಿಯಬೇಕು, ಗ್ಯಾದರಿಂಗಿಗೆ ಪೆಂಡಾಲು ಕಟ್ಟಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ಶಾಲೆಯಲ್ಲಿ ಕೆಲಸವಿಲ್ಲದವರು ಅವರೊಬ್ಬರೇ ಎಂದು ಉಳಿದವರು ನಂಬುತ್ತಾರೆ. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ ಅವರ ವಿಷಯಕ್ಕೆ ಒಂದೂ ಇಲ್ಲವಾದ್ದರಿಂದ ಅವರ ಪೀರಿಯಡ್ಡು ಊರ ಬಾವಿಯ ಹಗ್ಗವಿದ್ದಂತೆ, ಯಾರು ಬೇಕಾದರೂ ಎಳೆಯಬಹುದು. ಆರೋಗ್ಯದ ಪಾಲಿಗೆ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಗುಳಿಗೆ ಇದೆ. ಅದನ್ನು ನುಂಗಲು ಎರಡು ನಿಮಿಷ ಸಾಕು, ಗಣಿತಕ್ಕೆ ಅಡ್ಡಿಯಾಗುವುದಿಲ್ಲ.

ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ಆದರೆ ಕಳೆದ ಪಾಲಕರ ಸಭೆಯಲ್ಲಿ ಗಣಿತಕ್ಕೆ ಹೆಚ್ಚಿನ ತರಗತಿ ಬೇಕೆಂದು ಕೈ ಎತ್ತಿದವರಲ್ಲಿ ನಾನೂ ಇದ್ದೆ. ಹಿರಿಯರೊಬ್ಬರು ಎದ್ದು ನಿಂತು, ಗದುಗಿನ ಸುನೀಲ ಜೋಶಿ ಹುಡುಗನಾಗಿದ್ದಾಗ ದಿನಾ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮುಗಿಸಿ ಶಾಲೆಯ ಹೊತ್ತಿಗೆ ಗದುಗಿಗೆ ಮರಳುತ್ತಿದ್ದರು, ಅದಕ್ಕೇ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರಿಗೆ 6 ರನ್ ಕೊಟ್ಟು 5 ವಿಕೆಟ್ ಕಿತ್ತರು ಎಂದು ಓವರ್ ಓವರ್ ಬಿಡಿಸಿ ಹೇಳತೊಡಗಿದರು. "ಎಲ್ಲಾರೂ ಸುನೀಲ ಜೋಶಿ ಆಗೂದಿಲ್ಲರೀ" ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು, ಎಲ್ಲರೂ ನಕ್ಕರು, ಠರಾವು ಪಾಸಾಯಿತು. ಎಲ್ಲರೂ ರಾಮಾನುಜನ್ ಆಗುವುದಿಲ್ಲ ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದದ್ದು ಸಭೆ ಮುಗಿಸಿ ನಡೆದು ಮನೆ ಮುಟ್ಟಿದ ಮೇಲೆ.

ಊಟವಾದ ಮೇಲೆ ಟೇಪು ಹುಡುಕಿ ತೆಗೆದು, ಮಗಳ ಕೈಗೆ ಒಂದು ತುದಿ ಕೊಟ್ಟು, ಪಡಸಾಲೆಯಲ್ಲಿ ಅಳೆದೆವು. ಟಿ.ವಿ.ಯ ಗೋಡೆಯಿಂದ ಹೊರಟ ಮೂರು ಮುಕ್ಕಾಲು ಮೀಟರು ಅಡುಗೆಮನೆಯ ಹೊಸ್ತಿಲಿಗೆ ಬಂದು ಮುಗಿಯಿತು. "ದಾಟಿ ತೋರಸು" ಎಂದಳು. ಕಬಡ್ಡಿ ಕಬಡ್ಡಿ ಎನ್ನುತ್ತ ಹೊಸ್ತಿಲು ಮುಟ್ಟಿ ತಿರುಗುವಷ್ಟರಲ್ಲಿ ಅವಳು ನೆಲಕ್ಕೆ ಬಿದ್ದು ನನ್ನ ಹಿಮ್ಮಡಿಯ ಮೇಲಿನ ಗಂಟನ್ನು ಎರಡೂ ಕೈಯಿಂದ ಹಿಡಿದಳು, ನಾನು ಸೋಫಾದ ಮೇಲೆ ಬೋರಲು ಬಿದ್ದೆ. ಇದನ್ನು ಯಾರು ಕಲಿಸಿದರು ಎಂದು ಕೇಳಿದೆ.

"ಪುಸ್ತಕದಾಗ ಚಿತ್ರ ಐತಿ" ಎಂದಳು, ಕಾಲು ಬಿಡದೆ.